ಬಿಚ್ಚಿ ತಿದ್ದಬಹುದಾದ ಗಿಟಾರ್: ಲಿಯೋ ಫೆಂಡರ್ ಅವರ ಬದುಕು

ನನ್ನ ಮಾಮೂ ಅವರದು ಸಣ್ಣ ರಿಪೇರಿ ಅಂಗಡಿ. ಮಿಕ್ಸಿ, ಫ್ಯಾನ್, ಮೈಕ್ ಸೆಟ್, ಆಂಪ್ಲಿಫಯರ್ ಏನೇ ಬಂದರೂ ಇಲ್ಲ ಎನ್ನದೆ ಬಿಚ್ಚಿ ನೋಡುತ್ತಾರೆ. ರಜೆಯ ದಿನಗಳಲ್ಲಿ ನಾನೂ ಅಲ್ಲಿ ಕೂರುತ್ತೇನೆ. ಕಾಮರ್ಸ್ ಓದುವವನೆಂದು ಬಿಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಜೊತೆಗೆ ಸಣ್ಣಪುಟ್ಟ ಬೆಸುಗೆ ಹಾಕುವುದನ್ನೂ ಕಲಿತಿದ್ದೇನೆ.

ಕಳೆದ ಬೇಸಿಗೆ ರಜೆಯಲ್ಲಿ ಒಬ್ಬರು ಎಲೆಕ್ಟ್ರಿಕ್ ಗಿಟಾರ್ ತಂದರು. ಅದರ ಮೇಲಿನ ಸ್ವಿಚ್ ಸಡಿಲವಾಗಿ, ಬಾರಿಸುವಾಗ ಸದ್ದು ಬಂದು ಹೋಗುತ್ತಿತ್ತು. ಸಂಜೆಯೇ ಅವರಿಗೆ ಒಂದು ಕಾರ್ಯಕ್ರಮ. ಮಾಮೂ ಊಟಕ್ಕೆ ಹೋಗಿದ್ದರು. ನಾನೇ ಮಾಡಿಬಿಡೋಣ ಎಂದು ಪೇಟೆಯಿಂದ ಹೊಸ ಸ್ವಿಚ್ ತಂದೆ. ಹಳೆಯದು ಐದು ಹಂತದ್ದು, ಹೊಸದೂ ಐದು ಹಂತದ್ದು. ಅಷ್ಟು ಸಾಕು ಎಂದುಕೊಂಡೆ. ಹಳೆಯದರಲ್ಲಿ ಒಂದೊಂದು ಪಕ್ಕಕ್ಕೆ ನಾಲ್ಕು ನಾಲ್ಕು ಪಿನ್ ಇದ್ದವು, ಹೊಸದರಲ್ಲಿ ಎಂಟೂ ಪಿನ್ ಒಂದೇ ಸಾಲಿನಲ್ಲಿದ್ದವು. ನಾನು ಎಣಿಸಿಕೊಂಡು ಅದೇ ಕ್ರಮದಲ್ಲಿ ವೈರುಗಳನ್ನು ಬೆಸೆದೆ. ಬಾರಿಸಿ ನೋಡಿದರೆ ಒಂದು ಹಂತದಲ್ಲಿ ಸದ್ದೇ ಇಲ್ಲ, ಇನ್ನೆರಡು ಹಂತಗಳಲ್ಲಿ ಒಂದೇ ಸದ್ದು. ಗಿಟಾರ್ ತಂದವರ ಮುಖ ನೋಡಲಾಗದೆ ನಾನು ಬಿಲ್ ಪುಸ್ತಕದೊಳಗೆ ತಲೆ ತಗ್ಗಿಸಿದೆ.

ಮಾಮೂ ಬಂದರು. ಬೈಯಲಿಲ್ಲ. ಸ್ಕ್ರೂಗಳನ್ನು ಬಿಚ್ಚಿ ಗಿಟಾರಿನ ಮುಖದ ಮೇಲಿನ ಪ್ಲಾಸ್ಟಿಕ್ ಹಲಗೆಯನ್ನು ಎತ್ತಿದರು. ಸ್ವಿಚ್, ಗುಂಡಿಗಳು, ಪಿಕಪ್‌ಗಳು ಎಲ್ಲವೂ ಆ ಒಂದೇ ಹಲಗೆಗೆ ಅಂಟಿಕೊಂಡು ಹೊರಬಂದವು. ಅರ್ಧ ಗಂಟೆಯಲ್ಲಿ ತಪ್ಪು ಸರಿಯಾಯಿತು. ಇಷ್ಟು ಸುಲಭವಾಗಿ ಬಿಚ್ಚಿ ತಿದ್ದುವಂತೆ ಇದನ್ನು ಮಾಡಿದವರು ಯಾರು ಎಂಬ ಪ್ರಶ್ನೆ ನನ್ನಲ್ಲಿ ಉಳಿಯಿತು. ಆ ಗಿಟಾರ್ ಯಾವುದೋ ಸಾಧಾರಣ ಹೆಸರಿನದು. ಆದರೆ ಅದರ ಆಕಾರ, ಜೋಡಣೆ ಎಲ್ಲವೂ ಒಬ್ಬ ಅಮೆರಿಕನ್ನರ ಯೋಚನೆಯ ನಕಲು. ಅವರ ಹೆಸರು ಲಿಯೋ ಫೆಂಡರ್. ಹುಡುಕಿ ಓದಿದಾಗ ಅವರು ನಮ್ಮ ಹಾಗೆಯೇ ಅಕೌಂಟೆನ್ಸಿ ಓದಿದವರು ಎಂದು ಗೊತ್ತಾಯಿತು. ಅದಕ್ಕೇ ಈ ಲೇಖನ.

ಬಾಲ್ಯ

ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರ್ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಫುಲರ್ಟನ್ ಊರಿನ ಹತ್ತಿರ. ತಂದೆ ತಾಯಿ ಕಿತ್ತಳೆ ಬೆಳೆಯುವ ರೈತರು. ಎಂಟನೆಯ ವಯಸ್ಸಿನಲ್ಲಿ ಗಡ್ಡೆಯ ಕಾರಣದಿಂದ ಬಾಲಕನ ಒಂದು ಕಣ್ಣು ತೆಗೆಯಬೇಕಾಯಿತು. ಅಂದಿನಿಂದ ಕೊನೆಯವರೆಗೆ ಅಲ್ಲಿ ಗಾಜಿನ ಕಣ್ಣು. ಮುಂದೆ ಕೂದಲೆಳೆಯಂಥ ತಂತಿಗಳನ್ನು ಸುತ್ತುವ, ಜೋಡಿಸುವ ಕೆಲಸವನ್ನೆಲ್ಲ ಅವರು ಮಾಡಿದ್ದು ಉಳಿದ ಒಂದೇ ಕಣ್ಣಿನಿಂದ.

ಅವರ ಬದುಕಿನಲ್ಲಿಯೂ ಒಬ್ಬ ಅಂಕಲ್ ಇದ್ದರು. ಸಾಂಟಾ ಮರಿಯಾ ಎಂಬ ಊರಿನಲ್ಲಿ ಆ ಅಂಕಲ್‌ಗೆ ಮೋಟಾರು ಗಾಡಿಗಳ ವಿದ್ಯುತ್ ಕೆಲಸದ ಅಂಗಡಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಲಿಯೋ ಅಲ್ಲಿಗೆ ಹೋದಾಗ, ಬಿಡಿಭಾಗಗಳಿಂದ ಕಟ್ಟಿದ ಒಂದು ರೇಡಿಯೋ ಅಂಗಡಿಯ ಮುಂದೆ ದೊಡ್ಡ ದನಿಯಲ್ಲಿ ಹಾಡುತ್ತಿತ್ತು. ಆ ಸದ್ದು ಹುಡುಗನ ತಲೆಯಿಂದ ಇಳಿಯಲೇ ಇಲ್ಲ. ಮನೆಗೆ ಬಂದವನೇ ರೇಡಿಯೋ ರಿಪೇರಿ ಶುರು ಮಾಡಿದ.

ಲೆಕ್ಕದ ಪುಸ್ತಕ ಮತ್ತು ಹೋದ ಕೆಲಸಗಳು

1928ರಲ್ಲಿ ಹೈಸ್ಕೂಲು ಮುಗಿಸಿ ಲಿಯೋ ಫುಲರ್ಟನ್ ಜೂನಿಯರ್ ಕಾಲೇಜಿಗೆ ಸೇರಿದರು. ಆರಿಸಿಕೊಂಡ ವಿಷಯ ಲೆಕ್ಕಶಾಸ್ತ್ರ. ಎಲೆಕ್ಟ್ರಾನಿಕ್ಸನ್ನು ಯಾವ ಕಾಲೇಜಿನಲ್ಲೂ ಅವರು ಓದಲಿಲ್ಲ. ಓದು ಮುಗಿದ ಮೇಲೆ ಐಸ್ ಕಂಪನಿಯೊಂದರಲ್ಲಿ ಮೊದಲು ಸರಕು ತಲುಪಿಸುವ ಕೆಲಸ, ನಂತರ ಲೆಕ್ಕ ಬರೆಯುವ ಕೆಲಸ. ಆ ದಿನಗಳಲ್ಲೇ ಒಂದು ವಾದ್ಯವೃಂದಕ್ಕೆ ಮೈಕ್ ಮತ್ತು ಆಂಪ್ಲಿಫಯರ್ ಸೆಟ್‌ಗಳನ್ನು ಕಟ್ಟಿಕೊಟ್ಟರು.

1934ರಲ್ಲಿ ಎಸ್ತರ್ ಎಂಬವರೊಂದಿಗೆ ಮದುವೆಯಾಯಿತು. ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯಲ್ಲಿ ಅಕೌಂಟೆಂಟ್ ಕೆಲಸವೂ ಸಿಕ್ಕಿತು. ಆದರೆ ಅದು ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲ. ಸರಕಾರಿ ಹುದ್ದೆಯೇ ರದ್ದಾಯಿತು. ಟೈರ್ ಕಂಪನಿಯೊಂದರ ಲೆಕ್ಕದ ವಿಭಾಗಕ್ಕೆ ಸೇರಿದರು. ಸ್ವಲ್ಪ ಕಾಲದಲ್ಲಿ ಆ ಕೆಲಸವೂ ಹೋಯಿತು. ಮೂವತ್ತರ ಹತ್ತಿರದ ವಯಸ್ಸು, ಸಂಸಾರ, ಕೈಯಲ್ಲಿ ಕೆಲಸವಿಲ್ಲ.

1938ರಲ್ಲಿ ಅವರು 600 ಡಾಲರ್ ಸಾಲ ಮಾಡಿ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದರು. ಹೆಸರು ಫೆಂಡರ್ ರೇಡಿಯೋ ಸರ್ವಿಸ್. ಸುತ್ತಲಿನ ಊರುಗಳ ವಾದಕರು ಕೆಟ್ಟ ಆಂಪ್ಲಿಫಯರ್, ಸದ್ದು ಹೊರಡದ ಗಿಟಾರ್ ಹಿಡಿದು ಅಲ್ಲಿಗೆ ಬರತೊಡಗಿದರು. ಅಂದರೆ ಲಿಯೋ ಫೆಂಡರ್ ವಾದ್ಯ ಕಟ್ಟುವ ಮೊದಲು ಬೇರೆಯವರು ಕಟ್ಟಿದ ವಸ್ತುಗಳು ಎಲ್ಲಿ ಕೆಡುತ್ತವೆ ಎಂಬುದನ್ನು ವರ್ಷಗಟ್ಟಲೆ ನೋಡಿದರು. ಯಾವ ಬೆಸುಗೆ ಬಿಡುತ್ತದೆ, ಯಾವ ಭಾಗಕ್ಕೆ ಕೈ ಹೋಗುವುದಿಲ್ಲ, ಒಂದು ಸಣ್ಣ ತುಂಡು ಬದಲಿಸಲು ಎಷ್ಟು ಬಿಚ್ಚಬೇಕು ಎಂಬುದೆಲ್ಲ ಅವರಿಗೆ ಮೇಜಿನ ಮೇಲೆಯೇ ಪಾಠವಾಯಿತು.

ಗಟ್ಟಿ ಮರದ ಗಿಟಾರ್

ಎರಡನೆಯ ಮಹಾಯುದ್ಧದ ಕಾಲದಲ್ಲಿ ಡಾಕ್ ಕಾಫ್‌ಮನ್ ಎಂಬ ವಾದಕ ಮತ್ತು ಯಂತ್ರ ಕುಶಲಿಗರ ಜೊತೆ ಸೇರಿ ಲಿಯೋ ಒಂದು ಪಾಲುದಾರಿಕೆ ಆರಂಭಿಸಿದರು. ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರ್ ಮತ್ತು ಆಂಪ್ಲಿಫಯರ್ ಅವರ ಸರಕು. 1946ರಲ್ಲಿ ಕಾಫ್‌ಮನ್ ಬಿಟ್ಟು ಹೋದರು, ಲಿಯೋ ಮುಂದುವರಿದರು.

ಆಗಿನ ಗಿಟಾರ್‌ಗಳು ಹೆಚ್ಚಾಗಿ ಒಳಗೆ ಟೊಳ್ಳು. ಆಂಪ್ಲಿಫಯರ್‌ನ ದನಿ ಏರಿಸಿದರೆ ಆ ಟೊಳ್ಳು ಪೆಟ್ಟಿಗೆ ತಾನೇ ಅದುರಿ ಕೂಗು ಹೊರಡಿಸುತ್ತಿತ್ತು. ಲಿಯೋ ಗಟ್ಟಿ ಮರದ ಹಲಗೆಯನ್ನೇ ದೇಹವಾಗಿ ಬಳಸಿದರು. ಸಾಮಾನ್ಯವಾಗಿ ಅಂಟಿನಿಂದ ಕೂರಿಸುತ್ತಿದ್ದ ಕತ್ತಿನ ಭಾಗವನ್ನು ಸ್ಕ್ರೂಗಳಿಂದ ಬಿಗಿದರು. ಕತ್ತು ಸೊಟ್ಟಗಾದರೆ ಬಿಚ್ಚಿ ಬೇರೆಯದು ಹಾಕಬಹುದು. ಸ್ವಿಚ್ ಮತ್ತು ಗುಂಡಿಗಳನ್ನು ಒಂದು ಲೋಹದ ಪಟ್ಟಿಯ ಮೇಲೆ ಕೂರಿಸಿ ಎರಡೇ ಸ್ಕ್ರೂಗಳಲ್ಲಿ ಹಿಡಿಸಿದರು. ವಾದ್ಯ ಕಟ್ಟುವ ಹಳೆಯ ಕಸುಬುದಾರರಿಗೆ ಇದು ಒರಟು ಕೆಲಸವಾಗಿ ಕಂಡಿರಬಹುದು. ರಿಪೇರಿ ಅಂಗಡಿಯವರಿಗೆ ಅದರ ಬೆಲೆ ಗೊತ್ತು.

1950ರಲ್ಲಿ ಈ ಗಿಟಾರ್ ಮಾರುಕಟ್ಟೆಗೆ ಬಂತು. ಎರಡು ಪಿಕಪ್ ಇದ್ದ ಮಾದರಿಗೆ ಬ್ರಾಡ್‌ಕಾಸ್ಟರ್ ಎಂದು ಹೆಸರಿಟ್ಟರು. 1951ರ ಆರಂಭದಲ್ಲಿ ಗ್ರೆಚ್ ಕಂಪನಿ ಅದಕ್ಕೆ ಆಕ್ಷೇಪ ಎತ್ತಿತು, ಏಕೆಂದರೆ ಅದೇ ಉಚ್ಚಾರಣೆಯ ಹೆಸರು ಅವರ ಡ್ರಮ್‌ಗಳಿಗೆ ಆಗಲೇ ಇತ್ತು. ಫೆಂಡರ್ ಕಂಪನಿ ವ್ಯಾಜ್ಯಕ್ಕೆ ಇಳಿಯಲಿಲ್ಲ. ಅಚ್ಚಾಗಿದ್ದ ಚೀಟಿಗಳಲ್ಲಿ ಮಾದರಿಯ ಹೆಸರನ್ನು ಕತ್ತರಿಸಿ ಫೆಂಡರ್ ಎಂಬ ಭಾಗವನ್ನಷ್ಟೇ ಗಿಟಾರಿಗೆ ಅಂಟಿಸಿ ಮಾರಿತು. ಕೆಲವು ತಿಂಗಳು ಹೆಸರಿಲ್ಲದೆ ಹೋದ ಆ ಗಿಟಾರ್‌ಗಳಿಗೆ ಇಂದು ಸಂಗ್ರಾಹಕರಲ್ಲಿ ಬಹಳ ಬೆಲೆ. ಆಮೇಲೆ ಇಟ್ಟ ಹೆಸರು ಟೆಲಿಕಾಸ್ಟರ್. ಟ್ರೇಡ್‌ಮಾರ್ಕ್ ಪಾಠ ಓದುವಾಗ ಈ ಪ್ರಸಂಗ ನೆನಪಿಟ್ಟುಕೊಳ್ಳಬಹುದು. 1951ರಲ್ಲೇ ಲಿಯೋ ಪ್ರಿಸಿಷನ್ ಬಾಸ್ ಎಂಬ ಎಲೆಕ್ಟ್ರಿಕ್ ಬಾಸ್ ಗಿಟಾರನ್ನೂ ಹೊರತಂದರು. ಆಳೆತ್ತರದ ಬಾಸ್ ವಾದ್ಯವನ್ನು ಹೊತ್ತು ತಿರುಗುತ್ತಿದ್ದವರಿಗೆ ಅದು ಹೆಗಲಿಗೆ ನೇತುಹಾಕಿಕೊಳ್ಳುವ ವಾದ್ಯವಾಯಿತು.

ನುಡಿಸಲು ಬಾರದ ತಯಾರಕ

ಇಲ್ಲಿ ಒಂದು ಆಶ್ಚರ್ಯದ ಮಾತು. ಲಿಯೋ ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕೊನೆಯವರೆಗೂ ಅವರು ಕಲಿಯಲಿಲ್ಲ. ಹಾಗಾಗಿ ತಮ್ಮ ಕೆಲಸ ಸರಿಯಿದೆಯೇ ಎಂದು ತಿಳಿಯಲು ಅವರಿಗೆ ಇದ್ದದ್ದು ಒಂದೇ ದಾರಿ. ಗಿಟಾರನ್ನು ವಾದಕರ ಕೈಗೆ ಕೊಟ್ಟು ಅವರ ದೂರುಗಳನ್ನು ಕೇಳುವುದು. ಮಾದರಿಗಳನ್ನು ಸುತ್ತಲಿನ ನೃತ್ಯ ಸಭಾಂಗಣಗಳಲ್ಲಿ ನುಡಿಸುತ್ತಿದ್ದವರಿಗೆ ಕೊಡುತ್ತಿದ್ದರು, ದೂರು ಬಂದರೆ ಬದಲಿಸಿ ಮತ್ತೆ ಕೊಡುತ್ತಿದ್ದರು.

ಟೆಲಿಕಾಸ್ಟರಿನ ಚೂಪು ಅಂಚು ಪಕ್ಕೆಗೆ ಒತ್ತುತ್ತದೆ ಎಂಬುದು ಬಿಲ್ ಕಾರ್ಸನ್‌ರಂಥ ವಾದಕರ ದೂರಾಗಿತ್ತು. ಲಿಯೋ ಮತ್ತು ಅವರ ಜೊತೆಗಾರ ಫ್ರೆಡ್ಡಿ ಟವಾರೆಸ್ ಮೈಗೆ ಹೊಂದುವಂತೆ ಅಂಚು ಕೆತ್ತಿದ ಹೊಸ ಗಿಟಾರನ್ನು ರೂಪಿಸಿದರು. ಅದು 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್. ಸ್ವರ ಕಂಪಿಸುವ ಲಿವರ್ ಸಹಿತ ಅದರ ಬೆಲೆ 249.50 ಡಾಲರ್. ಅದರಲ್ಲಿ ಸ್ವಿಚ್, ಗುಂಡಿ, ಪಿಕಪ್ ಎಲ್ಲವೂ ಒಂದೇ ಹಲಗೆಯ ಮೇಲೆ ಕೂತವು. ಮಾಮೂ ಎತ್ತಿದ್ದು ಅಂಥದೇ ಹಲಗೆ.

ಮೂರು ಹಂತವೋ ಐದು ಹಂತವೋ

ಈಗ ನಾನು ಕೆಡಿಸಿದ್ದ ಸ್ವಿಚ್ಚಿನ ವಿಷಯ. ಪಿಕಪ್ ಎಂದರೆ ಆಯಸ್ಕಾಂತದ ಸುತ್ತ ತೆಳ್ಳನೆಯ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲಿನ ಉಕ್ಕಿನ ತಂತಿ ಅದುರಿದಾಗ ಆಯಸ್ಕಾಂತದ ಕ್ಷೇತ್ರ ಕದಡಿ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫಯರ್ ಅದನ್ನು ದೊಡ್ಡದು ಮಾಡುತ್ತದೆ. ತಂತಿ ಕಟ್ಟುವ ಕುದುರೆಯ ಬಳಿಯ ಪಿಕಪ್ ಹರಿತವಾದ ಸದ್ದು ಕೊಡುತ್ತದೆ, ಕತ್ತಿನ ಕಡೆಯದು ಗುಂಡಗಿನ, ತುಂಬಿದ ಸದ್ದು. ಸ್ಟ್ರಾಟೊಕಾಸ್ಟರಿಗೆ ಲಿಯೋ ಮೂರು ಪಿಕಪ್ ಹಾಕಿದರು. ಒಂದು ಸಲಕ್ಕೆ ಒಂದನ್ನು ಆರಿಸಿಕೊಳ್ಳಲು ಮೂರು ಹಂತದ ಸ್ವಿಚ್ ಕೊಟ್ಟರು. ಮೂರು ಪಿಕಪ್, ಮೂರು ಹಂತ. ಲೆಕ್ಕ ಸರಿಯಾಗಿಯೇ ಇತ್ತು.

ಆದರೆ ವಾದಕರು ಬೇರೆಯದೇ ಕಂಡುಕೊಂಡರು. ಸ್ವಿಚ್ಚಿನ ಕಡ್ಡಿಯನ್ನು ಎರಡು ಹಂತಗಳ ನಡುವೆ ಜೋಪಾನವಾಗಿ ನಿಲ್ಲಿಸಿದರೆ ಒಳಗಿನ ಲೋಹದ ನಾಲಿಗೆ ಒಂದು ಪಿನ್ನನ್ನು ಬಿಡುವ ಮೊದಲೇ ಇನ್ನೊಂದನ್ನು ಮುಟ್ಟುತ್ತದೆ. ಆಗ ಎರಡು ಪಿಕಪ್ ಒಟ್ಟಿಗೆ ಕೆಲಸ ಮಾಡಿ ತೆಳುವಾದ, ಗಂಟೆಯಂಥ ಹೊಸ ಸದ್ದು ಬರುತ್ತದೆ. ಅಲ್ಲಿ ಕಡ್ಡಿ ನಿಲ್ಲಲು ಹಳ್ಳವಿಲ್ಲ, ಕೈ ತಾಗಿದರೆ ಜಾರುತ್ತದೆ. ಜಾರದಂತೆ ಟೇಪ್ ಅಂಟಿಸಿದವರೂ ಇದ್ದರು. ಮಾರ್ಕ್ ನಾಫ್ಲರ್ ಮೊದಲಾದ ವಾದಕರ ಹೆಸರಿನೊಂದಿಗೆ ಇಂದಿಗೂ ಕೇಳಿಬರುವುದು ಈ ನಡುವಿನ ಸದ್ದೇ. ಕೊನೆಗೆ 1977ರಲ್ಲಿ ಫೆಂಡರ್ ಕಂಪನಿ ಕಾರ್ಖಾನೆಯಲ್ಲೇ ಐದು ಹಂತದ ಸ್ವಿಚ್ ಹಾಕತೊಡಗಿತು. ಒಳಗಿನ ಸಂಪರ್ಕ ಹೆಚ್ಚುಕಡಿಮೆ ಹಿಂದಿನದೇ, ನಿಲ್ಲಲು ಎರಡು ಹಳ್ಳ ಹೆಚ್ಚಾದವು. ಮೊದಲೇ ಕೊಂಡಿದ್ದವರೂ ಸ್ಕ್ರೂ ಬಿಚ್ಚಿ, ಹಳೆಯ ಸ್ವಿಚ್ ತೆಗೆದು ಹೊಸದನ್ನು ಹಾಕಿಕೊಳ್ಳಬಹುದಿತ್ತು. ಗಿಟಾರನ್ನು ಬದಲಿಸಬೇಕಾಗಿರಲಿಲ್ಲ.

ಅಂಗಡಿಯಲ್ಲಿ ಮಾಮೂ ತೋರಿಸಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಹಂತಗಳು ಐದಾದರೂ ಎಲ್ಲ ಸ್ವಿಚ್ಚುಗಳ ಪಿನ್ ಒಂದೇ ಕ್ರಮದಲ್ಲಿ ಇರುವುದಿಲ್ಲ. ಹೊಸದನ್ನು ಬೆಸೆಯುವ ಮೊದಲು ಮಲ್ಟಿಮೀಟರನ್ನು ಬೀಪ್ ಸದ್ದಿಗೆ ಇಟ್ಟು, ಪ್ರತಿ ಹಂತದಲ್ಲಿ ಯಾವ ಪಿನ್ ಯಾವುದಕ್ಕೆ ಸೇರುತ್ತದೆ ಎಂದು ಕಾಗದದ ಮೇಲೆ ಬರೆದುಕೊಳ್ಳಬೇಕು. ಹಳೆಯದರ ವೈರುಗಳ ಫೋಟೋ ತೆಗೆದಿಟ್ಟುಕೊಳ್ಳಬೇಕು. ಸ್ವಿಚ್ಚಿನ ಆಳ ಮರದ ಗುಂಡಿಗೆ ಹಿಡಿಸುತ್ತದೆಯೇ, ಸ್ಕ್ರೂ ತೂತುಗಳ ಅಂತರ ಸರಿಯಿದೆಯೇ ಎಂದು ಅಳೆಯಬೇಕು. ಬೆಸುಗೆ ಕಡ್ಡಿಯನ್ನು ಪಿನ್ ಮೇಲೆ ಬಹಳ ಹೊತ್ತು ಒತ್ತಿದರೆ ಒಳಗಿನ ಪ್ಲಾಸ್ಟಿಕ್ ಕರಗುತ್ತದೆ.

ಪಿಕಪ್‌ಗಳು ಒಂದಕ್ಕೊಂದು ಹೊಂದುವುದೂ ಮುಖ್ಯ. ಬೇರೆ ಬೇರೆ ತಯಾರಿಕೆಯ ಎರಡು ಪಿಕಪ್‌ಗಳ ಸುತ್ತು ಅಥವಾ ಆಯಸ್ಕಾಂತದ ದಿಕ್ಕು ಎದುರುಬದುರಾದರೆ, ಒಂದೊಂದೇ ಕೇಳುವಾಗ ಚೆನ್ನಾಗಿರುತ್ತವೆ, ಜೊತೆಯಾದರೆ ಸದ್ದು ಸೊರಗುತ್ತದೆ. ಆಗ ಒಂದರ ಎರಡು ವೈರುಗಳನ್ನು ಅದಲುಬದಲು ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಸುತ್ತು ಮತ್ತು ಆಯಸ್ಕಾಂತ ಎರಡೂ ತಿರುವುಮುರುವಾಗಿದ್ದರೆ ಅದು ದೋಷವಲ್ಲ, ಗುಣ. ಇಂದಿನ ಅನೇಕ ಗಿಟಾರ್‌ಗಳಲ್ಲಿ ನಡುವಿನ ಪಿಕಪ್ ಬೇಕೆಂದೇ ಹೀಗಿರುತ್ತದೆ. ಎರಡು ಒಟ್ಟಿಗೆ ನಡೆಯುವಾಗ ತಂತಿಯ ನಾದ ಕೂಡಿಕೊಳ್ಳುತ್ತದೆ, ಕರೆಂಟಿನ ಗುಂಯ್ ಎನ್ನುವ ಸದ್ದು ಒಂದನ್ನೊಂದು ಹೊಡೆದುಹಾಕುತ್ತದೆ. ಜಮೆ ಮತ್ತು ಖರ್ಚು ಸಮನಾಗಿ ಸೊನ್ನೆ ಉಳಿದ ಹಾಗೆ.

ಹೆಸರೂ ಮಾರಾಟವಾಯಿತು

1950ರ ದಶಕದ ನಡುವೆ ಲಿಯೋ ಅವರಿಗೆ ಸೈನಸ್ ಸೋಂಕು ತಗುಲಿ ವರ್ಷಗಟ್ಟಲೆ ಕಾಡಿತು. ಆರೋಗ್ಯ ಇಳಿದುಹೋಯಿತು. ಕಂಪನಿಯನ್ನು ಕೈ ಬಿಡುವುದೇ ಸರಿ ಎಂದುಕೊಂಡ ಅವರು 1965ರ ಜನವರಿಯಲ್ಲಿ ಅದನ್ನು ಸಿಬಿಎಸ್ ಸಂಸ್ಥೆಗೆ ಮಾರಿದರು. ಬೆಲೆ 13 ಮಿಲಿಯನ್, ಅಂದರೆ 1 ಕೋಟಿ 30 ಲಕ್ಷ ಡಾಲರ್. 600 ಡಾಲರ್ ಸಾಲದಿಂದ ಅಲ್ಲಿಗೆ 27 ವರ್ಷ. ಆದರೆ ಮಾರಾಟವಾದ ಸ್ವಲ್ಪ ಕಾಲದಲ್ಲೇ ಅವರು ವೈದ್ಯರನ್ನು ಬದಲಿಸಿದರು, ಕಾಯಿಲೆ ವಾಸಿಯಾಯಿತು. ಕಂಪನಿ ಮಾತ್ರ ಹಿಂದಕ್ಕೆ ಬರಲಿಲ್ಲ. ಕಂಪನಿಯೊಂದಿಗೆ ಫೆಂಡರ್ ಎಂಬ ವ್ಯಾಪಾರದ ಹೆಸರೂ ಹೋಗಿತ್ತು. ನಾವು ಗುಡ್‌ವಿಲ್ ಎಂದು ಆಸ್ತಿಯ ಪಟ್ಟಿಯಲ್ಲಿ ಒಂದು ಸಾಲು ಬರೆಯುತ್ತೇವಲ್ಲ, ಅದರೊಳಗೆ ಒಬ್ಬ ಮನುಷ್ಯನ ಹೆಸರೇ ಇರಬಹುದು ಎಂದು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಐದು ಹಂತದ ಸ್ವಿಚ್ ಬರುವಾಗ ಅವರು ಆ ಕಂಪನಿಯ ಮಾಲೀಕರಾಗಿರಲಿಲ್ಲ.

ಸಿಬಿಎಸ್ ಕಾಲದಲ್ಲಿ ಗಿಟಾರ್‌ಗಳ ಗುಣಮಟ್ಟ ಇಳಿಯಿತು ಎಂದು ವಾದಕರು ದೂರುತ್ತಾ ಬಂದರು. 1985ರಲ್ಲಿ ಬಿಲ್ ಶುಲ್ಟ್ಸ್ ಮುಂದಾಳತ್ವದಲ್ಲಿ ಅಲ್ಲಿನ ಉದ್ಯೋಗಿಗಳೇ ಸೇರಿ ಕಂಪನಿಯನ್ನು ಕೊಂಡರು. ಕೊಟ್ಟದ್ದು 12.5 ಮಿಲಿಯನ್ ಡಾಲರ್. ಆ ಮಾರಾಟದಲ್ಲಿ ಕಟ್ಟಡ ಮತ್ತು ಯಂತ್ರಗಳು ಸೇರಿರಲಿಲ್ಲ, ನಿಜ. ಆದರೂ 20 ವರ್ಷಗಳ ಬಳಿಕ ಬೆಲೆ ಏರುವ ಬದಲು ಇಳಿದಿತ್ತು.

ಮತ್ತೆ ಮೇಜಿನ ಮುಂದೆ

ಹಣ ಬಂದ ಮೇಲೂ ಲಿಯೋ ಸುಮ್ಮನೆ ಕೂರಲಿಲ್ಲ. ಮಾರಾಟದ ಒಪ್ಪಂದದಂತೆ ಕೆಲವು ವರ್ಷ ಪೈಪೋಟಿಗೆ ಇಳಿಯುವಂತಿರಲಿಲ್ಲ. ಆ ಅವಧಿ ಕಳೆದ ಮೇಲೆ, 1975ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ ಅಧ್ಯಕ್ಷರಾದರು. 1976ರಲ್ಲಿ ಬಂದ ಅದರ ಸ್ಟಿಂಗ್‌ರೇ ಬಾಸ್‌ನಲ್ಲಿ ಬ್ಯಾಟರಿಯಿಂದ ನಡೆಯುವ ಸಣ್ಣ ಸರ್ಕ್ಯೂಟ್ ಗಿಟಾರಿನೊಳಗೇ ಇತ್ತು. 1979ರಲ್ಲಿ ಪತ್ನಿ ಎಸ್ತರ್ ತೀರಿಕೊಂಡರು. ಮರುವರ್ಷ ಅವರು ಫಿಲಿಸ್ ಎಂಬವರನ್ನು ಮದುವೆಯಾದರು. ಆ ಹೊತ್ತಿಗೆ ಹಳೆಯ ಜೊತೆಗಾರ ಜಾರ್ಜ್ ಫುಲರ್ಟನ್ ಜೊತೆ ಜಿ ಆ್ಯಂಡ್ ಎಲ್ ಎಂಬ ಕಂಪನಿ ಕಟ್ಟಿದ್ದರು. ಜಾರ್ಜ್ ಮತ್ತು ಲಿಯೋ ಎಂಬುದರ ಮೊದಲ ಅಕ್ಷರಗಳು ಅವು. ಫೆಂಡರ್ ಎಂಬ ಹೆಸರು ಅಲ್ಲಿರಲಿಲ್ಲ.

ಪಾರ್ಕಿನ್ಸನ್ ಕಾಯಿಲೆ ಬಂದು ಶರೀರ ಕುಗ್ಗಿದರೂ ಅವರು ಕಾರ್ಖಾನೆಗೆ ಹೋಗುವುದನ್ನು ಬಿಡಲಿಲ್ಲ. ತಾವೇ ಮಾಡಿದ ಹಳೆಯ ಪಿಕಪ್‌ಗಳನ್ನು ಇನ್ನೂ ಉತ್ತಮಗೊಳಿಸುತ್ತಿದ್ದರು. 1991ರ ಮಾರ್ಚ್ 21ರಂದು, 81ನೆಯ ವಯಸ್ಸಿನಲ್ಲಿ, ಫುಲರ್ಟನ್‌ನಲ್ಲೇ ತೀರಿಕೊಂಡರು. ಮರುವರ್ಷ ಅವರ ಹೆಸರು ಅಮೆರಿಕದ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿತು. ಗಿಟಾರ್ ನುಡಿಸಲು ಬಾರದವರು ಹಾಡುಗಾರರ, ವಾದಕರ ಸಾಲಿನಲ್ಲಿ ಕೂತರು.

ನಾನು ಕಲಿತದ್ದು

ನಮ್ಮ ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ತಪ್ಪುಗಳ ತಿದ್ದುಪಡಿ ಎಂಬ ಅಧ್ಯಾಯ ಇತ್ತು. ಲೆಕ್ಕದ ಪುಸ್ತಕದಲ್ಲಿ ತಪ್ಪಾದರೆ ಅದನ್ನು ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಇನ್ನೊಂದು ನಮೂದು ಬರೆದು ಸರಿಪಡಿಸಬೇಕು. ಪರೀಕ್ಷೆಗೆಂದು ಅದನ್ನು ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಆ ಮಧ್ಯಾಹ್ನ ಅಂಗಡಿಯಲ್ಲಿ. ತಪ್ಪೇ ಆಗದಂತೆ ಮಾಡುತ್ತೇನೆ ಎಂದು ಲಿಯೋ ಫೆಂಡರ್ ಎಲ್ಲವನ್ನೂ ಅಂಟು ಹಾಕಿ ಮುಚ್ಚಿಬಿಟ್ಟಿದ್ದರೆ, ಅವರ ಮೂರು ಹಂತದ ಸ್ವಿಚ್ಚನ್ನು ಬದಲಿಸುವುದು ಇಷ್ಟು ಸುಲಭವಾಗುತ್ತಿರಲಿಲ್ಲ. ಅವರು ಸ್ಕ್ರೂ ಹಾಕಿ ಬಿಟ್ಟರು. ಅವರ ಲೆಕ್ಕದಲ್ಲಿ ಉಳಿದುಹೋದದ್ದನ್ನು ಬೇರೆಯವರು ತಿದ್ದಿದರು. ಆ ತಿದ್ದುಪಡಿಯಿಂದ ಅವರ ಹೆಸರಿಗೆ ಏನೂ ಕಡಿಮೆಯಾಗಲಿಲ್ಲ.

ಅಂದು ಸಂಜೆ ಗಿಟಾರಿನವರು ಹೊತ್ತಿಗೆ ಸರಿಯಾಗಿ ಹೊರಟರು. ಹೊರಡುವ ಮುಂಚೆ ಐದೂ ಹಂತಗಳನ್ನು ಒಂದೊಂದಾಗಿ ನುಡಿಸಿ ತೋರಿಸಿದರು. ನಾನು ಬೆಸೆದಿದ್ದ ಎಂಟು ಪಿನ್‌ಗಳಲ್ಲಿ ಮಾಮೂ ಎಲ್ಲವನ್ನೂ ತಾವೇ ತಿದ್ದಲಿಲ್ಲ. ಕಾಗದದ ಮೇಲೆ ಕ್ರಮ ಬರೆದುಕೊಟ್ಟು, ಬೆಸುಗೆ ಕಡ್ಡಿಯನ್ನು ಮತ್ತೆ ನನ್ನ ಕೈಗೇ ಕೊಟ್ಟಿದ್ದರು. ಆ ಕಾಗದ ಈಗ ನನ್ನ ಲೆಕ್ಕಶಾಸ್ತ್ರದ ಪುಸ್ತಕದೊಳಗಿದೆ.